ಹಡಗಿನ ಪಟ್ಟಿಯಲ್ಲಿ ಹೆಸರಿದೆ, ಊರಿಲ್ಲ: ಅಮೆರಿಕದ ಜರ್ಮನ್ ಪೂರ್ವಜರ ಬೇರು ಹುಡುಕುವುದು ಹೇಗೆ?

ಹರ್ಬರ್ಟ್ ಹೂವರ್, ಡ್ವೈಟ್ ಐಸೆನ್‌ಹೋವರ್, ಡೊನಾಲ್ಡ್ ಟ್ರಂಪ್. ಅಮೆರಿಕದ ಈ ಮೂವರು ಅಧ್ಯಕ್ಷರ ಮನೆತನದ ಹೆಸರುಗಳು ಬಂದಿದ್ದು ಜರ್ಮನ್ ಮಾತಾಡುವ ಸೀಮೆಯಿಂದ. ಟ್ರಂಪ್ ಅವರ ಅಜ್ಜ ಕಾಲ್‌ಸ್ಟಾಟ್ ಎಂಬ ಹಳ್ಳಿ ಬಿಟ್ಟು ನ್ಯೂಯಾರ್ಕ್‌ಗೆ ಬಂದಿದ್ದು 1885ರಲ್ಲಿ. ಆ ಹೊತ್ತಿಗೆ ಪ್ರಯಾಣಿಕರ ಪಟ್ಟಿ, ಜನಗಣತಿ, ಪೌರತ್ವದ ಅರ್ಜಿ ಎಲ್ಲವೂ ಚಾಲ್ತಿಯಲ್ಲಿದ್ದವು. ಹಾಗಾಗಿ ಆತನ ಊರು ಯಾವುದು ಅಂತ ಪತ್ತೆ ಮಾಡೋದು ಕಷ್ಟದ ಕೆಲಸವೇನಲ್ಲ.

ಹೂವರ್ ಅವರ ಮೂಲಪುರುಷ ಆಂಡ್ರೆಯಾಸ್ ಹೂಬರ್ ಬಂದಿದ್ದು ಕಾಲ್‌ಸ್ಟಾಟ್‌ಗೆ ದೂರವಲ್ಲದ ಎಲ್ಲರ್‌ಸ್ಟಾಟ್‌ನಿಂದ. ಇವತ್ತು ಎರಡೂ ಊರುಗಳು ಜರ್ಮನಿಯ ಒಂದೇ ಜಿಲ್ಲೆಯಲ್ಲಿವೆ. ಆದರೆ ಹೂಬರ್ ಫಿಲಡೆಲ್ಫಿಯಾದಲ್ಲಿ ಇಳಿದಿದ್ದು 1738ರಲ್ಲಿ. ಐಸೆನ್‌ಹೋವರ್ ಅವರ ಪೂರ್ವಜ ಹಾನ್ಸ್ ನಿಕೋಲಸ್ ಐಸೆನ್‌ಹವರ್ ಬಂದಿದ್ದು 1741ರಲ್ಲಿ. ಆಗ ಅಮೆರಿಕ ಅನ್ನೋ ದೇಶವೂ ಇರಲಿಲ್ಲ, ಜರ್ಮನಿ ಅನ್ನೋ ದೇಶವೂ ಇರಲಿಲ್ಲ. ಒಂದು ಕಡೆ ಬ್ರಿಟಿಷ್ ವಸಾಹತುಗಳು. ಇನ್ನೊಂದು ಕಡೆ ನೂರಾರು ಸಣ್ಣಪುಟ್ಟ ರಾಜ್ಯ, ಸಂಸ್ಥಾನ, ಬಿಷಪ್ಪರ ಆಡಳಿತ, ಸ್ವತಂತ್ರ ನಗರಗಳು ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯ.

ವಸಾಹತು ಕಾಲದಲ್ಲಿ ಹೀಗೆ ಬಂದವರ ಸಂಖ್ಯೆ ಸುಮಾರು 80 ಸಾವಿರದಿಂದ ಒಂದು ಲಕ್ಷಕ್ಕೂ ಹೆಚ್ಚು ಅಂತ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರ ವಂಶಸ್ಥರು ಇವತ್ತು ಕೋಟಿಗಟ್ಟಲೆ ಇದ್ದಾರೆ. ಅವರಲ್ಲಿ ಬಹಳ ಜನ ‘ನಮ್ಮ ಮೂಲಪುರುಷ ಯಾವ ಊರಿನವನು?’ ಅಂತ ಹುಡುಕುತ್ತಾರೆ. ಹಡಗಿನ ಹೆಸರು ಸಿಗುತ್ತೆ, ಬಂದ ತಾರೀಖು ಸಿಗುತ್ತೆ. ಊರು ಮಾತ್ರ ಸಿಗಲ್ಲ. ಯಾಕೆ ಅಂತ ತಿಳಿಯಬೇಕಾದರೆ, ಆ ಪಟ್ಟಿಗಳನ್ನು ಯಾರು, ಯಾಕೆ ಬರೆಸಿದರು ಅನ್ನೋದನ್ನು ಮೊದಲು ನೋಡಬೇಕು.

ಅನುಮಾನದಿಂದ ಹುಟ್ಟಿದ ಪಟ್ಟಿ

ಪೆನ್ಸಿಲ್ವೇನಿಯಾಕ್ಕೆ ಜರ್ಮನ್ ಸೀಮೆಯ ಮೊದಲ ದೊಡ್ಡ ಗುಂಪು ಬಂದಿದ್ದು 1683ರಲ್ಲಿ. ಕ್ರೆಫೆಲ್ಡ್ ಪಟ್ಟಣದ ಹದಿಮೂರು ಕುಟುಂಬಗಳು ‘ಕಾಂಕರ್ಡ್’ ಹಡಗಿನಲ್ಲಿ ಬಂದು ಫಿಲಡೆಲ್ಫಿಯಾದ ಪಕ್ಕ ಜರ್ಮನ್‌ಟೌನ್ ಕಟ್ಟಿದವು. 1709ರಲ್ಲಿ ರೈನ್ ನದಿಯ ಆಸುಪಾಸಿನ ಸುಮಾರು 13 ಸಾವಿರ ಜನ ಲಂಡನ್‌ಗೆ ಬಂದು ಸೇರಿದರು. ಅವರಲ್ಲಿ ಸುಮಾರು 3 ಸಾವಿರ ಮಂದಿಯನ್ನು ಬ್ರಿಟಿಷ್ ಸರ್ಕಾರ 1710ರಲ್ಲಿ ನ್ಯೂಯಾರ್ಕ್‌ಗೆ ಸಾಗಿಸಿತು. ಹಡಗುಗಳಿಗೆ ಬೇಕಾದ ಟಾರು ತಯಾರಿಸಲು ಹಡ್ಸನ್ ನದಿ ದಂಡೆಯ ಪೈನ್ ಕಾಡುಗಳಲ್ಲಿ ದುಡಿಸುವುದು ಲೆಕ್ಕಾಚಾರ. ಆ ಯೋಜನೆ ನೆಲಕಚ್ಚಿತು, ಜನ ಅಲ್ಲೇ ಉಳಿದರು.

ಆಮೇಲೆ ಹಡಗುಗಳು ಹೆಚ್ಚಾಗಿ ಬಂದಿದ್ದು ಫಿಲಡೆಲ್ಫಿಯಾಕ್ಕೆ. ಭಾಷೆ ಬೇರೆ, ನಿಷ್ಠೆ ಯಾರಿಗೆ ಅಂತ ಗೊತ್ತಿಲ್ಲ, ಕೇಳದೆಯೇ ಬಂದು ನೆಲೆಸುತ್ತಿದ್ದಾರೆ ಎಂಬ ಆತಂಕ ಅಲ್ಲಿನ ಆಡಳಿತಕ್ಕೆ ಹತ್ತಿಕೊಂಡಿತು. 1727ರ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯದ ಮಂಡಳಿ ಒಂದು ನಿರ್ಣಯ ಮಾಡಿತು. ಹೊರಗಿನಿಂದ ಬರುವವರ ಹೆಸರು, ಕಸುಬು, ಎಲ್ಲಿಂದ ಬಂದರು ಅನ್ನೋದನ್ನು ಪಟ್ಟಿ ಮಾಡಬೇಕು. ಅವರು ಬ್ರಿಟಿಷ್ ದೊರೆಗೆ ನಿಷ್ಠರಾಗಿರುತ್ತೇವೆಂದು ಒಪ್ಪಿ ಸಹಿ ಹಾಕಬೇಕು.

ಸಹಿ ಹಾಕಿಸುವ ಕೆಲಸ ಚಾಚೂತಪ್ಪದೆ ನಡೆಯಿತು. ‘ಎಲ್ಲಿಂದ ಬಂದರು’ ಅನ್ನೋ ಕಾಲಂ ಮಾತ್ರ ಹೆಚ್ಚುಕಮ್ಮಿ ಖಾಲಿ ಉಳಿಯಿತು. ಹಡಗು ರಾಟರ್‌ಡ್ಯಾಮ್‌ನಿಂದ ಹೊರಟು ಇಂಗ್ಲೆಂಡಿನ ಕೌಸ್ ಬಂದರು ಮುಟ್ಟಿ ಬಂತು ಅಂತ ಬರೆದರು. ಬಂದವರನ್ನೆಲ್ಲ ಒಟ್ಟಾಗಿ ‘ಪ್ಯಾಲಟೈನರು’ ಅಂದರು. ಪ್ಯಾಲಟಿನೇಟ್ ಅನ್ನೋದು ರೈನ್ ದಂಡೆಯ ಒಂದು ಸೀಮೆ. ಆದರೆ ವ್ಯುರ್ಟೆಂಬರ್ಗ್, ಹೆಸ್ಸೆ, ಅಲ್ಸಾಸ್, ಸ್ವಿಟ್ಜರ್ಲೆಂಡ್ ಎಲ್ಲಿಂದ ಬಂದವರಿಗೂ ಅದೇ ಹಣೆಪಟ್ಟಿ.

ಆ ಅನುಮಾನ ಎಷ್ಟು ಗಟ್ಟಿಯಾಗಿತ್ತು ಅಂದರೆ, ಬೆಂಜಮಿನ್ ಫ್ರಾಂಕ್ಲಿನ್ ಅಂಥವರೇ 1751ರ ಒಂದು ಪ್ರಬಂಧದಲ್ಲಿ ಪ್ಯಾಲಟೈನರನ್ನು ಒರಟರೆಂದು ಜರಿದರು. ನಾವು ಅವರನ್ನು ಇಂಗ್ಲಿಷರನ್ನಾಗಿ ಮಾಡುವ ಬದಲು ಅವರೇ ನಮ್ಮನ್ನು ಜರ್ಮನ್ನರನ್ನಾಗಿ ಮಾಡಿಬಿಡುತ್ತಾರೆ ಅನ್ನೋದು ಅವರ ಅಳಲು. 1764ರ ಚುನಾವಣೆಯಲ್ಲಿ ಎದುರಾಳಿಗಳು ಅದೇ ಮಾತನ್ನು ಜರ್ಮನ್ ಮತದಾರರಿಗೆ ನೆನಪಿಸಿದರು. ಫ್ರಾಂಕ್ಲಿನ್ ಪ್ರಾಂತ್ಯದ ಶಾಸನಸಭೆಯ ಸ್ಥಾನ ಕಳೆದುಕೊಂಡರು.

ಅಂದರೆ, ಇವತ್ತು ವಂಶಸ್ಥರು ಕಣ್ಣಿಗೊತ್ತಿಕೊಳ್ಳುವ ಆ ಪಟ್ಟಿ ಹುಟ್ಟಿದ್ದು ವಲಸಿಗರನ್ನು ಕಾವಲು ಕಾಯಲು. ಅದಕ್ಕೆ ಬೇಕಿದ್ದದ್ದು ನಿಷ್ಠೆ. ಊರು, ಹೆಂಡತಿ, ಮಕ್ಕಳು, ಬಂಧುಬಳಗ ಯಾವುದೂ ಅದಕ್ಕೆ ಮುಖ್ಯವಲ್ಲ. ಅದು ಕೇಳಿ ದಾಖಲಿಸದ ಪ್ರಶ್ನೆಗೆ ಅದರಲ್ಲೇ ಉತ್ತರ ಹುಡುಕಿದರೆ ದಾರಿ ತಪ್ಪುತ್ತದೆ.

ಪಟ್ಟಿ ಓದುವುದು ಹೇಗೆ?

ಈ ಪಟ್ಟಿಗಳನ್ನು ರಾಲ್ಫ್ ಸ್ಟ್ರಾಸ್‌ಬರ್ಗರ್ ಮತ್ತು ವಿಲಿಯಂ ಹಿಂಕೆ 1934ರಲ್ಲಿ ‘ಪೆನ್ಸಿಲ್ವೇನಿಯಾ ಜರ್ಮನ್ ಪಯೋನಿಯರ್ಸ್’ ಹೆಸರಲ್ಲಿ ಮೂರು ಸಂಪುಟಗಳಾಗಿ ತಂದರು. ಒಂದು ಹಡಗಿಗೆ ಮೂರು ಬಗೆಯ ಪಟ್ಟಿಗಳು ಇರಬಹುದು. ಮೊದಲನೆಯದು ಕ್ಯಾಪ್ಟನ್ ಕೊಟ್ಟ ಪಟ್ಟಿ. ಇದರಲ್ಲಿ ಹೆಸರುಗಳನ್ನು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದಿರುತ್ತಾರೆ. ಎರಡನೆಯದು ದೊರೆಗೆ ನಿಷ್ಠೆಯ ಪ್ರಮಾಣ, ಮೂರನೆಯದು ದೊರೆಯ ಎದುರಾಳಿ ಹಕ್ಕುದಾರರನ್ನು ತಿರಸ್ಕರಿಸುವ ಘೋಷಣೆ. ಈ ಎರಡಕ್ಕೂ ವಲಸಿಗರೇ ಸಹಿ ಮಾಡುತ್ತಿದ್ದರು. ಬರೆಯಲು ಬಾರದವರ ಹೆಸರನ್ನು ಗುಮಾಸ್ತ ಬರೆದು, ಅವರು ಗುರುತು ಹಾಕುತ್ತಿದ್ದರು.

ಪ್ರಮಾಣಕ್ಕೆ ನಿಲ್ಲಬೇಕಿದ್ದದ್ದು 16 ವರ್ಷ ಮೇಲ್ಪಟ್ಟ ಗಂಡಸರು ಮಾತ್ರ. ಹೆಂಗಸರು, ಮಕ್ಕಳು ಬಹುತೇಕ ಪಟ್ಟಿಯಲ್ಲಿಲ್ಲ. ಕಾಯಿಲೆ ಬಿದ್ದು ಹಡಗಿನಲ್ಲೇ ಉಳಿದವರು ಸಹಿ ಪಟ್ಟಿಯಿಂದ ಬಿಟ್ಟುಹೋಗಿರುತ್ತಾರೆ. ದಾರಿಯಲ್ಲಿ ಸತ್ತವರಂತೂ ಲೆಕ್ಕಕ್ಕೇ ಇಲ್ಲ. 1750ರಲ್ಲಿ ಈ ಪ್ರಯಾಣ ಮಾಡಿ ನಾಲ್ಕು ವರ್ಷಗಳ ಬಳಿಕ ವಾಪಸ್ ಹೋದ ಗಾಟ್‌ಲೀಬ್ ಮಿಟೆಲ್‌ಬರ್ಗರ್, ಹಡಗಿನ ಹಸಿವು, ರೋಗ, ಸಾವುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಹಡಗಿನ ಬಾಡಿಗೆ ಕೊಡಲಾಗದವರು ಸಾಲ ತೀರುವವರೆಗೆ ಜೀತಕ್ಕೆ ನಿಲ್ಲಬೇಕಿತ್ತು. ಎಷ್ಟೋ ಮಕ್ಕಳು ಅಪ್ಪ-ಅಮ್ಮನಿಂದ ಬೇರಾಗಿ ಬೇರೆಯವರ ಮನೆ ಸೇರಿ, ಅಲ್ಲೇ ದುಡಿದು ದೊಡ್ಡವರಾದರು. ಇಂಥ ಮಕ್ಕಳ ಜಾಡು ಹಿಡಿಯಲು ಜೀತದ ಕರಾರುಗಳೇ ಗತಿ. ಫಿಲಡೆಲ್ಫಿಯಾ ಮೇಯರ್ ಕಚೇರಿಯ 1771ರಿಂದ 1773ರ ಕರಾರು ಪುಸ್ತಕ ಹಾಗೆ ಉಳಿದಿರುವುದರಲ್ಲಿ ಒಂದು.

ಹೆಸರಿಗೆ ಮರುಳಾಗಬೇಡಿ

ಹೊಸಬರು ಮಾಡುವ ದೊಡ್ಡ ಎಡವಟ್ಟು ಏನಂದ್ರೆ, ಪಟ್ಟಿಯಲ್ಲಿ ಒಂದು ‘ಯೋಹಾನ್ನೆಸ್ ಮ್ಯುಲ್ಲರ್’ ಸಿಕ್ಕ ಕೂಡಲೇ ಇವನೇ ನಮ್ಮಜ್ಜ ಅಂದುಕೊಳ್ಳೋದು. ನಮ್ಮಲ್ಲಿ ಊರಿಗೊಬ್ಬ ರಾಮಣ್ಣ ಇದ್ದಂತೆ, ಅಲ್ಲಿ ಹಡಗಿಗೊಬ್ಬ ಮ್ಯುಲ್ಲರ್. ಅಂತರ್ಜಾಲದಲ್ಲಿ ತೇಲಾಡುವ ಎಷ್ಟೋ ವಂಶವೃಕ್ಷಗಳು ಇಂಥ ಅವಸರದ ಫಲ. ಒಬ್ಬರು ಹಾಕಿದ ತಪ್ಪನ್ನು ನೂರು ಜನ ನಕಲು ಮಾಡಿದರೆ ಅದೇ ಸತ್ಯವಾಗಿ ಕೂರುತ್ತದೆ.

ಹೆಸರಿನ ವಿಷಯದಲ್ಲಿ ಕೆಲವು ಸಂಗತಿ ನೆನಪಿಡಿ.

ಒಂದು, ‘ಯೋಹಾನ್’ ಅನ್ನೋದು ಹೆಚ್ಚಿನ ಸಲ ಮುಂದೆ ಸೇರಿಸುತ್ತಿದ್ದ ಹೆಸರು ಅಷ್ಟೆ. ಯೋಹಾನ್ ಜಾರ್ಜ್, ಯೋಹಾನ್ ಆಡಮ್, ಯೋಹಾನ್ ಪೀಟರ್ ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರಾಗಿರಬಹುದು. ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ‘ಯೋಹಾನ್ನೆಸ್’ ಆದರೆ ಅದು ಸ್ವತಂತ್ರ ಹೆಸರು.

ಎರಡು, ರೈನ್ ಸೀಮೆಯ ಆಡುಮಾತಿನಲ್ಲಿ ಪ-ಬ, ತ-ದ, ಕ-ಗ ವ್ಯತ್ಯಾಸ ಅಷ್ಟಾಗಿ ಕೇಳಿಸಲ್ಲ. ಹೀಗಾಗಿ ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಬೆಂಟ್ಸ್ ಅನ್ನೋದು ಪೆನ್ಸ್ ಆಯಿತು. ಹೂಬರ್ ಹೂವರ್ ಆಗಿದ್ದು ಇದೇ ಜಾತಿಯ ಬದಲಾವಣೆ.

ಮೂರು, ಕೆಲವರು ಹೆಸರನ್ನೇ ಅನುವಾದ ಮಾಡಿಕೊಂಡರು. ಶ್ಮಿಟ್ ಸ್ಮಿತ್ ಆದ, ತ್ಸಿಮರ್‌ಮನ್ ಕಾರ್ಪೆಂಟರ್ ಆದ, ಶ್ವಾರ್ಟ್ಸ್ ಬ್ಲ್ಯಾಕ್ ಆದ. ‘ಎಲ್ಲಿಸ್ ಐಲೆಂಡಿನಲ್ಲಿ ಅಧಿಕಾರಿಗಳು ಹೆಸರು ಬದಲಾಯಿಸಿದರು’ ಅನ್ನೋ ಕತೆ ಇವರಿಗಂತೂ ಹೊಂದಲ್ಲ. ಆ ಕೇಂದ್ರ ಶುರುವಾಗಿದ್ದೇ 1892ರಲ್ಲಿ.

ನಾಲ್ಕು, ಹೆಂಗಸರ ಮನೆತನದ ಹೆಸರಿಗೆ ಜರ್ಮನ್ ದಾಖಲೆಗಳಲ್ಲಿ ‘ಇನ್’ ಸೇರುತ್ತದೆ. ‘ಮ್ಯುಲ್ಲರಿನ್’ ಅಂದರೆ ಮ್ಯುಲ್ಲರ್ ಮನೆತನದ ಹೆಣ್ಣು. ಅದನ್ನು ಬೇರೆಯೇ ಹೆಸರು ಅಂತ ಓದಬಾರದು.

ಹುಡುಕಾಟ ಶುರುವಾಗಬೇಕಾದ್ದು ಅಮೆರಿಕದಲ್ಲೇ

ಜರ್ಮನಿಯ ನಕಾಶೆ ತೆರೆಯುವ ಮುನ್ನ ಅಮೆರಿಕದ ದಾಖಲೆಗಳನ್ನು ಪೂರ್ತಿ ಜಾಲಾಡಬೇಕು. ಉಯಿಲು, ಕ್ರಯಪತ್ರ, ಕಂದಾಯ ಪಟ್ಟಿ, ಚರ್ಚಿನ ಪುಸ್ತಕ, ಸಮಾಧಿ ಕಲ್ಲು ಎಲ್ಲವೂ ಬೇಕು. ಉಯಿಲಿನಲ್ಲಿ ಅಜ್ಜನ ಸಹಿ ಇದ್ದರೆ, ಅದನ್ನು ಸ್ಟ್ರಾಸ್‌ಬರ್ಗರ್–ಹಿಂಕೆ ಸಂಪುಟದಲ್ಲಿ ಅಚ್ಚಾಗಿರುವ ಮೂಲ ಸಹಿಗಳ ಪಡಿಯಚ್ಚಿನ ಜೊತೆ ಹೋಲಿಸಬಹುದು. ಒಂದೇ ಹೆಸರಿನ ಐದಾರು ಜನರಲ್ಲಿ ನಮ್ಮವನು ಯಾರು ಅಂತ ಆರಿಸಲು ಇದು ಬಲವಾದ ಸಾಕ್ಷಿ.

ಊರಿನ ಹೆಸರು ಸಿಗುವ ಸಾಧ್ಯತೆ ಹೆಚ್ಚಿರುವುದು ಚರ್ಚಿನ ಪುಸ್ತಕಗಳಲ್ಲಿ. ಕೆಲವು ಲೂಥರನ್ ಪಾದ್ರಿಗಳು ಯಾರಾದರೂ ತೀರಿಕೊಂಡಾಗ ಅವರು ಹುಟ್ಟಿದ ಊರು, ಬಂದ ವರ್ಷ, ಮಕ್ಕಳೆಷ್ಟು ಅಂತ ಬರೆದಿಡುತ್ತಿದ್ದರು. ಮೊರಾವಿಯನ್ ಪಂಥದವರಲ್ಲಿ ಇನ್ನೂ ಒಳ್ಳೆಯ ಪದ್ಧತಿ ಇತ್ತು. ಪ್ರತಿಯೊಬ್ಬರ ಬದುಕಿನ ಕತೆಯನ್ನು ಬರೆದಿಟ್ಟು ಅಂತ್ಯಕ್ರಿಯೆಯ ವೇಳೆ ಓದುತ್ತಿದ್ದರು. 1741ರಲ್ಲಿ ಅವರು ಕಟ್ಟಿದ ಬೆತ್ಲೆಹೆಮ್ ಪಟ್ಟಣದ ಸಂಗ್ರಹದಲ್ಲಿ ಇಂಥ ಜೀವನಕಥನಗಳು ಈಗಲೂ ಇವೆ. ಹೆಂಗಸರವೂ ಇವೆ ಅನ್ನೋದು ವಿಶೇಷ. ಹಡಗಿನ ಪಟ್ಟಿ ಮರೆತವರನ್ನು ಇವು ನೆನಪಿಟ್ಟುಕೊಂಡಿವೆ.

ಪತ್ರಿಕೆಗಳನ್ನೂ ಬಿಡಬೇಡಿ. ಕ್ರಿಸ್ಟೋಫರ್ ಸೌರ್ 1739ರಲ್ಲಿ ಜರ್ಮನ್‌ಟೌನ್‌ನಿಂದ ಜರ್ಮನ್ ಪತ್ರಿಕೆ ಶುರುಮಾಡಿದ. ಅಂಥ ಪತ್ರಿಕೆಗಳಲ್ಲಿ ‘ಇಂಥ ಊರಿನಿಂದ ಬಂದ ನನ್ನ ಅಣ್ಣ ಎಲ್ಲಿದ್ದಾನೆ, ಗೊತ್ತಿದ್ದವರು ತಿಳಿಸಿ’ ಎಂಬ ಧಾಟಿಯ ಜಾಹೀರಾತುಗಳು ಬರುತ್ತಿದ್ದವು. ಕಳೆದುಹೋದವರನ್ನು ಹುಡುಕಲು ಅವತ್ತು ಹಾಕಿದ ನಾಲ್ಕು ಸಾಲು, ಇವತ್ತಿನವರಿಗೆ ಊರಿನ ಹೆಸರು ಕೊಡುತ್ತದೆ.

ಒಬ್ಬನನ್ನಲ್ಲ, ಗುಂಪನ್ನು ಹುಡುಕಿ

ಇಷ್ಟೆಲ್ಲ ಮಾಡಿಯೂ ಊರು ಸಿಗದಿದ್ದರೆ? ಇಲ್ಲಿ ನೆರವಿಗೆ ಬರೋದು ಒಂದು ಸರಳ ಸತ್ಯ: ಜನ ಒಂಟಿಯಾಗಿ ವಲಸೆ ಹೋಗಲ್ಲ. ಅಕ್ಕಪಕ್ಕದ ಮನೆಯವರು, ಭಾವ-ಮೈದುನರು, ಒಂದೇ ಚರ್ಚಿಗೆ ಹೋಗುವವರು ಕೂಡಿ ಹೊರಡುತ್ತಾರೆ. ರೈನ್ ನದಿಯಲ್ಲಿ ಒಂದೇ ದೋಣಿ ಹತ್ತುತ್ತಾರೆ, ರಾಟರ್‌ಡ್ಯಾಮ್‌ನಲ್ಲಿ ಒಂದೇ ಹಡಗು ಹತ್ತುತ್ತಾರೆ, ಸಹಿಗೆ ನಿಂತಾಗಲೂ ಹಿಂದೆಮುಂದೆ ನಿಲ್ಲುತ್ತಾರೆ. ಅಮೆರಿಕದಲ್ಲಿ ಪಕ್ಕಪಕ್ಕದ ಜಮೀನು ಹಿಡಿಯುತ್ತಾರೆ. ಒಬ್ಬರ ಮಗುವಿನ ದೀಕ್ಷಾಸ್ನಾನಕ್ಕೆ ಇನ್ನೊಬ್ಬರು ಗಾಡ್‌ಫಾದರ್, ಗಾಡ್‌ಮದರ್ ಆಗುತ್ತಾರೆ.

ಹಾಗಾಗಿ ನಮ್ಮವನ ಊರು ಗೊತ್ತಿಲ್ಲದಿದ್ದರೂ, ಅವನ ಜೊತೆ ಬಂದವನ ಊರು ಗೊತ್ತಾದರೆ ಸಾಕು. ಆ ಊರಿನ ಚರ್ಚಿನ ಪುಸ್ತಕ ನೋಡಬೇಕು. ಅಲ್ಲಿಲ್ಲವಾದರೆ ಸುತ್ತಲಿನ ಹಳ್ಳಿಗಳದ್ದು. 1710ರಲ್ಲಿ ನ್ಯೂಯಾರ್ಕ್‌ಗೆ ಬಂದ 847 ಕುಟುಂಬಗಳ ಬಗ್ಗೆ ಹೆನ್ರಿ ಜೋನ್ಸ್ 1985ರಲ್ಲಿ ಎರಡು ಸಂಪುಟಗಳ ಪುಸ್ತಕ ಪ್ರಕಟಿಸಿದರು. ಅವುಗಳಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಮೂಲ ಊರನ್ನು ಪತ್ತೆ ಹಚ್ಚಿದ್ದು ಹೆಚ್ಚಾಗಿ ಈ ಉಪಾಯದಿಂದ. ಆನೆಟ್ ಬರ್ಗರ್ಟ್ 1980ರ ದಶಕದಲ್ಲಿ ಉತ್ತರ ಕ್ರೈಷ್‌ಗೌ ಮತ್ತು ಪಶ್ಚಿಮ ಪ್ಯಾಲಟಿನೇಟ್ ಸೀಮೆಗಳ ಚರ್ಚಿನ ಪುಸ್ತಕಗಳನ್ನು ಓದಿ, ಅಲ್ಲಿಂದ ಹೋದವರನ್ನು ಫಿಲಡೆಲ್ಫಿಯಾದ ಪಟ್ಟಿಗಳ ಜೊತೆ ಜೋಡಿಸಿದರು. ಹುಡುಕಾಟ ಶುರು ಮಾಡುವವರು ಮೊದಲು ತೆರೆಯಬೇಕಾದ ಪುಸ್ತಕಗಳಿವು.

ಕಡಲಾಚೆಯ ದಾಖಲೆ

ಜರ್ಮನ್ ಕಡೆ ಮುಖ್ಯ ಆಧಾರ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಾವಿನ ಪುಸ್ತಕಗಳು. ಕೆಲವು ಪಾದ್ರಿಗಳು ಒಂದು ಕುಟುಂಬದ ಹೆಸರಿನ ಪಕ್ಕದಲ್ಲಿ ‘ಪೆನ್ಸಿಲ್ವೇನಿಯಾಕ್ಕೆ ಹೋದರು’ ಅಂತ ಬರೆದಿರುತ್ತಾರೆ. ಅಂಥ ಒಂದು ಸಾಲು ಸಿಕ್ಕರೆ ಹುಡುಕಾಟದ ಮುಕ್ಕಾಲು ಭಾಗ ಮುಗಿದಂತೆ. ಪ್ರೊಟೆಸ್ಟೆಂಟ್ ಚರ್ಚುಗಳ ಪುಸ್ತಕಗಳು ಈಗ ‘ಆರ್ಕಿಯಾನ್’ ಜಾಲತಾಣದಲ್ಲಿ, ಅನೇಕ ಕ್ಯಾಥೊಲಿಕ್ ಪುಸ್ತಕಗಳು ‘ಮ್ಯಾಟ್ರಿಕುಲಾ’ದಲ್ಲಿ ಸಿಗುತ್ತವೆ. ಆದರೆ ಹಳೆಯ ಕುರೆಂಟ್ ಕೈಬರಹ ಓದಲು ಕಲಿಯಲೇಬೇಕು. ಇವತ್ತಿನ ಜರ್ಮನ್ನರಿಗೂ ಅದು ಸಲೀಸಲ್ಲ.

ಎರಡನೇ ಆಧಾರ, ಬಿಡುಗಡೆ ಪತ್ರ. ಆ ಸೀಮೆಗಳ ರೈತರಲ್ಲಿ ಅನೇಕರು ದೊರೆಯ ಅಧೀನಕ್ಕೆ ಒಳಪಟ್ಟವರು. ಊರು ಬಿಡಬೇಕೆಂದರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಒಯ್ಯುವ ಆಸ್ತಿಯಲ್ಲಿ ಒಂದು ಪಾಲು, ಅನೇಕ ಕಡೆ ಹತ್ತನೇ ಒಂದು ಭಾಗ, ಒಪ್ಪಿಸಿ ಬಿಡುಗಡೆ ಪಡೆಯಬೇಕಿತ್ತು. ಆ ಕಡತಗಳು ಕಾರ್ಲ್ಸ್‌ರೂಹೆ, ಸ್ಪೇಯರ್, ಸ್ಟುಟ್‌ಗಾರ್ಟ್ ಪತ್ರಾಗಾರಗಳಲ್ಲಿವೆ. ಕದ್ದು ಓಡಿಹೋದವರ ಆಸ್ತಿ ಜಪ್ತಿಯಾದ ದಾಖಲೆಗಳೂ ಉಂಟು. ಇನ್ನು ಪಿತ್ರಾರ್ಜಿತ ಆಸ್ತಿಯ ಪಾಲು ತರಿಸಿಕೊಳ್ಳಲು ಅಮೆರಿಕದಿಂದ ಊರಿಗೆ ಹೋಗುವವರ ಕೈಗೆ ಇವತ್ತಿನ ಜಿಪಿಎ ತರದ ಅಧಿಕಾರಪತ್ರ ಕೊಡುತ್ತಿದ್ದರು. ಅದರಲ್ಲಿ ಎರಡೂ ಊರುಗಳ ಹೆಸರು ಇರುತ್ತದೆ.

ಈ ಸೀಮೆ ಕನ್ನಡಿಗರಿಗೆ ಪೂರಾ ಅಪರಿಚಿತವೇನಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇರುವುದು ವ್ಯುರ್ಟೆಂಬರ್ಗ್‌ನಲ್ಲಿ, ಕ್ರೈಷ್‌ಗೌ ಪಕ್ಕದಲ್ಲೇ.

ಸಿಕ್ಕವನು ನಮ್ಮವನೇ ಅಂತ ಖಾತ್ರಿ ಹೇಗೆ?

ಹೆಸರು ಹೊಂದಿತು, ಹುಟ್ಟಿದ ವರ್ಷ ಹೊಂದಿತು. ಸಾಕೇ? ಸಾಲದು. ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ಆತ ಆ ಊರಿನಲ್ಲೇ ಸತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಆ ಕಾಲದಲ್ಲಿ ಎಳೆ ಮಕ್ಕಳ ಸಾವು ಹೆಚ್ಚು. ಎರಡು ವರ್ಷಕ್ಕೇ ತೀರಿಹೋದ ಕೂಸನ್ನು ಎಷ್ಟೋ ಮಂದಿ ತಮ್ಮ ಮೂಲಪುರುಷ ಮಾಡಿಕೊಂಡಿರುತ್ತಾರೆ. ಸಾವಿನ ಪುಸ್ತಕ ತಿರುವಿ ಹಾಕಿದರೆ ಈ ಅಪಾಯ ತಪ್ಪುತ್ತದೆ.

ಎರಡನೆಯದು, ಹೆಂಡತಿ-ಮಕ್ಕಳ ಹೆಸರು. ಮದುವೆಯಾಗಿ ಬಂದವನಾದರೆ ಹೆಂಡತಿ, ಹಿರಿಯ ಮಕ್ಕಳ ಹೆಸರು ಎರಡೂ ಕಡೆ ತಾಳೆಯಾಗಬೇಕು. ಮತ್ತು ಆ ಕುಟುಂಬ ಹಡಗು ಬಂದ ವರ್ಷದ ಬಳಿಕ ಜರ್ಮನ್ ದಾಖಲೆಯಿಂದ ಮಾಯವಾಗಿರಬೇಕು. ತಾರೀಖಿನ ಬಗ್ಗೆ ಎಚ್ಚರ: ಜರ್ಮನ್ ಪ್ರೊಟೆಸ್ಟೆಂಟ್ ರಾಜ್ಯಗಳು 1700ರಲ್ಲೇ ಹೊಸ ಪಂಚಾಂಗಕ್ಕೆ ಬಂದವು, ಬ್ರಿಟನ್ ಮತ್ತದರ ವಸಾಹತುಗಳು ಬದಲಾಗಿದ್ದು 1752ರಲ್ಲಿ. ನಡುವೆ 11 ದಿನಗಳ ಅಂತರ.

ಮೂರನೆಯದು, ಸಂಗಾತಿಗಳು. ಅಮೆರಿಕದಲ್ಲಿ ಅವನ ಸುತ್ತ ಇದ್ದ ಹೆಸರುಗಳು ಆ ಹಳ್ಳಿಯಲ್ಲೋ ಪಕ್ಕದ ಹಳ್ಳಿಯಲ್ಲೋ ಕಾಣಬೇಕು.

‘ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗೀತಲ್ಲ’ ಅನ್ನಬಹುದು. ಎಂಟು ತಲೆಮಾರು ಹಿಂದೆ ಹೋದರೆ ಒಬ್ಬರಿಗೆ 256 ಪೂರ್ವಜರ ಸ್ಥಾನಗಳು. ಅವರಲ್ಲಿ ಕೆಲವರ ಡಿಎನ್‌ಎ ನಮ್ಮಲ್ಲಿ ಗುರುತಿಸುವಷ್ಟೂ ಉಳಿದಿರುವುದಿಲ್ಲ. ತಂದೆಯಿಂದ ಮಗನಿಗೆ ಬರುವ ವೈ-ಡಿಎನ್‌ಎ, ಒಂದೇ ಹೆಸರಿನ ಎರಡು ಮನೆತನಗಳು ಒಂದೇ ಬೇರಿನವೋ ಅಲ್ಲವೋ ಅಂತ ಹೇಳಬಲ್ಲದು. ಊರಿನ ಹೆಸರು ಹೇಳಲು ಕಾಗದಪತ್ರವೇ ಬೇಕು.

ಹಾಗಾದರೆ ‘ಮೂಲ’ ಯಾವುದು?

ಹೂವರ್ ಮನೆತನದ ವಿಷಯಕ್ಕೇ ಮರಳೋಣ. ಎಲ್ಲರ್‌ಸ್ಟಾಟ್ ಸಿಕ್ಕಿತು ಅಂದುಕೊಂಡರೆ ಅಲ್ಲಿಗೂ ಮುಗಿಯಲ್ಲ. ಹೂಬರ್ ಕುಟುಂಬ ಅಲ್ಲಿಗೆ ಬಂದಿದ್ದು ಸ್ವಿಟ್ಜರ್ಲೆಂಡ್‌ನಿಂದ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಪ್ಯಾಲಟಿನೇಟ್ ಪಾಳುಬಿದ್ದಿತ್ತು. ಖಾಲಿ ಬಿದ್ದ ಹಳ್ಳಿಗಳನ್ನು ತುಂಬಲು ಹೊರಗಿನ ರೈತರನ್ನು ದೊರೆಗಳೇ ಕರೆದರು. 1689ರಲ್ಲಿ ಫ್ರೆಂಚ್ ಸೈನ್ಯ ಮ್ಯಾನ್‌ಹೈಮ್, ಸ್ಪೇಯರ್, ವರ್ಮ್ಸ್ ಪಟ್ಟಣಗಳನ್ನು ಸುಟ್ಟಿತು. ಎಷ್ಟೋ ಚರ್ಚುಗಳ ಪುಸ್ತಕಗಳೂ ಈ ಯುದ್ಧಗಳಲ್ಲಿ ನಾಶವಾದವು. ಹಾಗಾಗಿ ಅನೇಕ ಊರುಗಳಲ್ಲಿ ಜಾಡು ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದವರು ‘ಜರ್ಮನ್ ಮೂಲ’ ಅಂತ ಹೇಳಿಕೊಳ್ಳುವ ಎಷ್ಟೋ ಕುಟುಂಬಗಳು ಆ ಊರಿಗೂ ವಲಸಿಗರೇ.

ಅದಕ್ಕೇ ಈ ಹುಡುಕಾಟ ಬರೀ ಹವ್ಯಾಸವಲ್ಲ. ಮನೆಗೊಂದು ಲಾಂಛನ ಕೊಂಡು ಗೋಡೆಗೆ ನೇತುಹಾಕುವ ಹೆಮ್ಮೆಗೆ ಇದರಲ್ಲಿ ಆಧಾರ ಸಿಗೋದು ಅಪರೂಪ. ಸಿಗೋದು ಸಾಲ ಮಾಡಿ ಹಡಗು ಹತ್ತಿದವರು, ಜೀತ ಮಾಡಿ ಬಾಡಿಗೆ ತೀರಿಸಿದವರು, ಬಂದ ದಿನವೇ ಅನುಮಾನದ ಕಣ್ಣಿಗೆ ಬಿದ್ದವರು. ವಲಸಿಗರ ಭಾಷೆ, ಹೆಚ್ಚುವ ಸಂಖ್ಯೆ, ನಿಷ್ಠೆ ಎಲ್ಲದರ ಮೇಲೂ ಇವತ್ತು ಅಮೆರಿಕದಲ್ಲಿ ಕೇಳುವ ಪ್ರಶ್ನೆಗಳನ್ನು 1727ರ ಫಿಲಡೆಲ್ಫಿಯಾ ಆಗಲೇ ಕೇಳಿತ್ತು. ಅವತ್ತು ಆ ಪ್ರಶ್ನೆಗೆ ಸಹಿ ಹಾಕಿ ಉತ್ತರ ಕೊಟ್ಟು ಒಳಬಂದವರ ಮನೆಗಳಿಂದ ಮುಂದೆ ಅಧ್ಯಕ್ಷರೂ ಬಂದರು. ಪಟ್ಟಿಯಲ್ಲಿ ತಮ್ಮ ಅಜ್ಜನ ಸಹಿ ಹುಡುಕುವವರು, ಆ ಪಟ್ಟಿಯನ್ನು ಯಾಕೆ ಬರೆಸಿದರು ಅನ್ನೋದನ್ನೂ ಓದಿಕೊಳ್ಳುವುದು ಒಳ್ಳೆಯದು.